ಗ್ರಂಥಕರ್ತನ ಎರಡನೆಯ ದುಡಿಮೆ

ಪುಸ್ತಕವನ್ನು ಬರೆದು ಅಚ್ಚುಕೂಟಕ್ಕೆ ಒಪ್ಪಿಸಿದೊಡನೆ ಗ್ರಂಥಕರ್ತನ ಕೆಲಸ ಮುಗಿಯಿತೆಂದೂ, ಅದನ್ನು ಜನರ ಬಳಿಗೆ ಕೊಂಡೊಯ್ಯುವುದು ಆತನ ಘನತೆಗೆ ತಕ್ಕುದಲ್ಲವೆಂದೂ ಭಾವಿಸುವ ವಿದ್ಯಾವಂತರು ಅನೇಕರುಂಟು. ಆಂಗ್ಲ ಕಾದಂಬರಿಕಾರ ಚಾರ್ಲ್ಸ್ ಡಿಕೆನ್ಸನ ಪರಮಮಿತ್ರನಾದ ಜಾನ್ ಫಾರ್ಸ್ಟರನೂ ಈ ಪಂಗಡದವನೇ. ಹಣ ತೆಗೆದುಕೊಂಡು ಸಭೆಯಲ್ಲಿ ತನ್ನ ಕಥೆಗಳನ್ನು ತಾನೇ ಓದುವುದು ಮರ್ಯಾದಸ್ಥನಿಗೆ ಒಪ್ಪುವುದಿಲ್ಲವೆಂದು ಆತನು ಬಹುವಾಗಿ ವಾದಿಸಿದನು. ಡಿಕೆನ್ಸನು ಕೇಳಲಿಲ್ಲ. 1858ರ ಏಪ್ರಿಲ್ ತಿಂಗಳಲ್ಲಿ ಲಂಡನ್ನಿನಲ್ಲಿ ಆರಂಭವಾದ ಈ ವಾಚನಗಳು ನಾನೂರನ್ನು ಮೀರಿದುವು.

ವಾಚನವೆಂದರೆ ಪುಸ್ತಕ ಹಿಡಿದು ಒಪ್ಪಿಸುವುದಲ್ಲ. ನಮ್ಮ ಗಮಕಿಗಳನ್ನೂ ಹರಿಕಥೆಯ ದಾಸರನ್ನೂ ಒಟ್ಟಿಗೆ ನೆನೆದುಕೊಂಡರೆ ಅದರ ಸ್ವರೂಪವು ಸ್ವಲ್ಪಮಟ್ಟಿಗೆ ಹೊಳೆದೀತು. ತಾನೇ ಹೇಳಿ ಮಾಡಿಸಿದ ಮೇಜು, ಮುಖದ ಮೇಲೆ ಬೆಳಕು ಬೀಳುವಂತೆ ಅನಿಲದ ದೀಪಗಳು; ಪಾತ್ರಕ್ಕೊಂದು ಧ್ವನಿ, ಪಾತ್ರಕ್ಕೊಂದು ಮುಖ. ಕಾದಂಬರಿಯನ್ನು ಎರಡು ಗಂಟೆಗಳಿಗೆ ಇಳಿಸಿ, ತಿಂಗಳುಗಟ್ಟಲೆ ಅಭ್ಯಾಸಮಾಡಿ, ಬಾಯಿಪಾಠವಾದ ಮೇಲೆಯೇ ಸಭೆಗೆ ಬರುತ್ತಿದ್ದನು. ಇಂದು ನಮ್ಮಂಥ ಅಧ್ಯಾಪಕರು ಪರೀಕ್ಷೆಗೆಂದು ಪಾಠ ಹೇಳುವ ಕಥೆಗಳೇ ಅವು!

ಇದು ಧನದಾಸೆಯೆಂದು ಹಳಿದವರುಂಟು. ಹಣದ ಆವಶ್ಯಕತೆ ಇದ್ದುದು ನಿಜ, ದೊಡ್ಡ ಸಂಸಾರ. ಆದರೆ ಅಮೆರಿಕಾದ ವಿಷಯವನ್ನು ನೋಡಿ. ಅಲ್ಲಿ ಆತನ ಕಾದಂಬರಿಗಳನ್ನು ಯಾರು ಬೇಕಾದರೂ ಅಚ್ಚುಮಾಡಿ ಮಾರಬಹುದಾಗಿತ್ತು. ಪರದೇಶದ ಗ್ರಂಥಕರ್ತರಿಗೆ ಅಲ್ಲಿನ ಶಾಸನವು ರಕ್ಷಣೆ ಕೊಟ್ಟದ್ದು 1891ರಲ್ಲಿ. ಲಕ್ಷಾಂತರ ಓದುಗರಿದ್ದರೂ ನ್ಯಾಯವಾಗಿ ಕೇಳಲು ಆತನಿಗೆ ಒಂದು ಕಾಸಿನ ಹಕ್ಕೂ ಇರಲಿಲ್ಲ. ಪುಸ್ತಕವನ್ನು ಕದಿಯಬಹುದು, ಕಂಠವನ್ನು ಕದಿಯಲಾದೀತೆ? 1867ರ ಡಿಸೆಂಬರಿನಿಂದ ಮರುವರ್ಷದ ಏಪ್ರಿಲಿನವರೆಗೆ ಅಲ್ಲಿ 76 ವಾಚನಗಳನ್ನು ಮಾಡಿ ಸುಮಾರು 19,000 ಪೌಂಡುಗಳನ್ನು ಗಳಿಸಿದನು. ಚೀಟಿಗಾಗಿ ಜನರು ಕೊರೆಯುವ ಚಳಿಯಲ್ಲಿ ರಾತ್ರಿಯೆಲ್ಲ ಬೀದಿಯಲ್ಲಿ ಕಾದರು. ಒಳಗೆ ಓದುತ್ತಿದ್ದಾತನಿಗೆ ನೆಗಡಿ ಬಿಡದು, ಕಾಲು ಊದಿತ್ತು, ಅನ್ನ ಸೇರದು. ಷೆರಿ ಮದ್ಯದಲ್ಲಿ ಕದಡಿದ ಕೋಳಿಮೊಟ್ಟೆಯಂಥ ದ್ರವಗಳೇ ಆಹಾರ. 1865ರಲ್ಲಿ ರೈಲು ಅಪಘಾತದಿಂದ ಪಾರಾದಂದಿನಿಂದ ಗಾಡಿ ಹತ್ತಿದರೆ ಮೈನಡುಕ. ಆದರೂ ಊರಿಂದೂರಿಗೆ ರೈಲಿನಲ್ಲಿಯೇ ತಿರುಗಬೇಕು.

ಘನತೆಯ ಮಾತಿನಲ್ಲಿ ಫಾರ್ಸ್ಟರನೊಡನೆ ನನಗೆ ಸಮ್ಮತಿಯಿಲ್ಲ. 1853ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಧರ್ಮಾರ್ಥವಾಗಿ ಓದಿದಾಗ, ಕೂಲಿಕಾರರಿಗೆ ಅಗ್ಗದಲ್ಲಿ ಸ್ಥಳ ದೊರೆಯಲೇಬೇಕೆಂದು ಡಿಕೆನ್ಸನು ಹಟ ಹಿಡಿದಿದ್ದನು. ತನ್ನ ಓದುಗರ ಮುಖವನ್ನು ಕಾಣಲು ಹಂಬಲಿಸಿದ ಬರೆಹಗಾರನಿಗೆ ಅದರಿಂದ ಯಾವ ಘನತೆಯೂ ಕುಗ್ಗಲಿಲ್ಲ. ಕುಗ್ಗಿದ್ದು ಆಯುಸ್ಸು. "ಆಲಿವರ್ ಟ್ವಿಸ್ಟ್" ಕಾದಂಬರಿಯಲ್ಲಿ ನ್ಯಾನ್ಸಿಯ ಕೊಲೆಯ ಭಾಗವನ್ನು 1869ರಿಂದ ಓದತೊಡಗಿದನು. ಸ್ನೇಹಿತರು ಬೇಡವೆಂದರು. ಆ ಏಪ್ರಿಲಿನಲ್ಲಿ ಪ್ರೆಸ್ಟನ್ ಪಟ್ಟಣದ ವಾಚನವನ್ನು ವೈದ್ಯನು ನಿಲ್ಲಿಸಿ ಪ್ರವಾಸವನ್ನೇ ಮುಗಿಸಿದನು. ಮರುವರ್ಷ ಲಂಡನ್ನಿನಲ್ಲಿ ಬೀಳ್ಕೊಡುಗೆಯ ಹನ್ನೆರಡು ವಾಚನಗಳು. ನಿಮಿಷಕ್ಕೆ 72 ಇದ್ದ ನಾಡಿಯು ನ್ಯಾನ್ಸಿಯ ಕೊಲೆಯನ್ನು ಓದಿದ ಮೇಲೆ 110ನ್ನು ಮೀರುತ್ತಿತ್ತು. ತಂದೆ ಕುಸಿದರೆ ಓಡಿಹೋಗಿ ಹಿಡಿಯಬೇಕೆಂದು ವೈದ್ಯನು ಹಿರಿಯ ಮಗನಿಗೆ ಹೇಳಿಟ್ಟಿದ್ದನು.

1870ರ ಮಾರ್ಚಿ 15ರಂದು ಕೊನೆಯ ವಾಚನ. ಅಂದು ಬೀಳ್ಕೊಳ್ಳುವಾಗಲೂ ಡಿಕೆನ್ಸನು ಹೊಸ ಪುಸ್ತಕದ ಸುದ್ದಿಯನ್ನು ಬಿಡಲಿಲ್ಲ. ಇನ್ನೆರಡು ವಾರಗಳಲ್ಲಿ ತಮ್ಮ ತಮ್ಮ ಮನೆಗಳಲ್ಲಿಯೇ ತನ್ನನ್ನು ಮತ್ತೆ ಕಾಣಬಹುದೆಂದು ಸಭಿಕರಿಗೆ ತಿಳಿಸಿದನು. "ಎಡ್ವಿನ್ ಡ್ರೂಡನ ರಹಸ್ಯ" ಎಂಬ ಆ ಕಾದಂಬರಿಯ ಮೊದಲ ಸಂಚಿಕೆ ಏಪ್ರಿಲಿನಲ್ಲಿ ಹೊರಬಿದ್ದಿತು. ಜೂನ್ 9ರಂದು ಡಿಕೆನ್ಸನು ತೀರಿಕೊಂಡನು. ಹನ್ನೆರಡು ಸಂಚಿಕೆಗಳಲ್ಲಿ ಮುಗಿಯಬೇಕಾಗಿದ್ದ ಆ ಕಥೆಯಲ್ಲಿ ನಮಗೆ ದೊರೆತಿರುವುದು ಆರು.