ಕೈತೋಟಕ್ಕೆ ಎಷ್ಟು ದೊಡ್ಡ ಪಂಪು ಬೇಕು?



ಪುಣೆಯಲ್ಲಿರಲಿ, ಚೆನ್ನೈಯಲ್ಲಿರಲಿ, ನಮ್ಮವರ ತಾರಸಿಯ ಮೇಲೆ ಒಂದು ಮಲ್ಲಿಗೆ ಬಳ್ಳಿ, ಒಂದು ಕರಿಬೇವಿನ ಗಿಡ ಇದ್ದೇ ಇರುತ್ತದೆ. ಬೇಸಿಗೆ ರಜೆಗೆ ಊರಿಗೆ ಹೊರಟಾಗ ಚಿಂತೆ ಶುರು: ಹದಿನೈದು ದಿನ ನೀರು ಹಾಕುವವರು ಯಾರು? ಹನಿ ನೀರಾವರಿ ಹಾಕಿಸೋಣವೆಂದು ಅಂಗಡಿಗೆ ಹೋದರೆ ಮೊದಲ ಪ್ರಶ್ನೆ, "ಎಷ್ಟು ಎಚ್‌ಪಿ ಪಂಪು?" ಅವಸರದಲ್ಲಿ ಉತ್ತರ ಕೊಡಬೇಡಿ. ಎಚ್‌ಪಿ ಕೊನೆಗೆ ಬರುವ ಲೆಕ್ಕ. ಮೊದಲು ತಿಳಿಯಬೇಕಾದದ್ದು ಎರಡು: ನಿಮಿಷಕ್ಕೆ ಎಷ್ಟು ಲೀಟರ್ ನೀರು ಬೇಕು, ಅದನ್ನು ಎಷ್ಟು ಎತ್ತರಕ್ಕೆ ತಳ್ಳಬೇಕು.

ಒಂದು ಉದಾಹರಣೆ ನೋಡೋಣ. ಮೂರಂತಸ್ತಿನ ಮನೆ, ತಾರಸಿಯಲ್ಲಿ 100 ಕುಂಡ. ಪ್ರತಿ ಕುಂಡಕ್ಕೆ ಗಂಟೆಗೆ 4 ಲೀಟರ್ ಬಿಡುವ ಒಂದು ಡ್ರಿಪ್ಪರ್. ಒಟ್ಟು ಗಂಟೆಗೆ 400 ಲೀಟರ್, ಅಂದರೆ ನಿಮಿಷಕ್ಕೆ ಸುಮಾರು 7 ಲೀಟರ್. ಕಾಲು ಗಂಟೆ ಓಡಿದರೆ ಕುಂಡಕ್ಕೆ ಒಂದೊಂದು ಲೀಟರ್ ಸಿಕ್ಕಿತು.

ಇನ್ನು ಎತ್ತರ. ಸಂಪಿನ ನೀರಿನ ಮಟ್ಟದಿಂದ ತಾರಸಿಗೆ 12 ಮೀಟರ್ ಎನ್ನಿ. ಡ್ರಿಪ್ಪರ್ ಸರಿಯಾಗಿ ಹನಿಸಲು ಬೇಕಾದ ಒತ್ತಡ ಸುಮಾರು 10 ಮೀಟರ್ ಎತ್ತರದ ನೀರಿಗೆ ಸಮ. ಫಿಲ್ಟರ್, ಪೈಪು, ತಿರುವುಗಳಿಗೆ 4 ಮೀಟರ್ ಇಡಿ. ಒಟ್ಟು 26 ಮೀಟರ್. ಇದಕ್ಕೇ 'ಹೆಡ್' ಎನ್ನುವುದು.

ಪಂಪಿನ ಮೇಲೆ ಗರಿಷ್ಠ ಹೆಡ್, ಗರಿಷ್ಠ ಡಿಸ್ಚಾರ್ಜ್ ಎಂದು ಎರಡು ಅಂಕಿ ಇರುತ್ತವೆ. ಮೋಸ ಹೋಗುವುದು ಇಲ್ಲೇ! ಇವೆರಡೂ ಒಟ್ಟಿಗೆ ಸಿಗುವುದಿಲ್ಲ. ಗರಿಷ್ಠ ಎತ್ತರದಲ್ಲಿ ಪಂಪಿನಿಂದ ನೀರೇ ಬರುವುದಿಲ್ಲವೆನ್ನಬಹುದು. ಆದ್ದರಿಂದ ಕಂಪನಿಯ ಪಟ್ಟಿ ಕೇಳಿ, 26 ಮೀಟರಿನ ಎದುರು ನೋಡಿ. ಅಲ್ಲಿ ನಿಮಿಷಕ್ಕೆ 10 ಲೀಟರ್ ಇದ್ದರೆ ಧಾರಾಳವಾಯಿತು. ಒಂದೇ ಎಚ್‌ಪಿಯ ಎರಡು ಪಂಪುಗಳಲ್ಲಿ ಒಂದು ಅಷ್ಟೆತ್ತರಕ್ಕೆ ಏರಿಸಬಹುದು, ಇನ್ನೊಂದು ಏರಿಸದಿರಬಹುದು.

ದೊಡ್ಡದಿದ್ದರೆ ಒಳ್ಳೆಯದಲ್ಲವೇ ಎನ್ನುತ್ತೀರಾ? ಒತ್ತಡ ಹೆಚ್ಚಾದರೆ ಡ್ರಿಪ್ಪರ್‌ಗಳು ಕಿತ್ತು ಬರುತ್ತವೆ. ನೀವು ಊರಿನಲ್ಲಿ, ಸಂಪಿನ ನೀರು ತಾರಸಿಯ ಮೋರಿಯಲ್ಲಿ! ಟ್ಯಾಂಕರ್ ನೀರು ಕೊಳ್ಳುವವರಿಗೆ ಇದರ ಬಿಸಿ ಚೆನ್ನಾಗಿ ಗೊತ್ತು. ಪಂಪು ಚಿಕ್ಕದಾದರೆ ಕೊನೆಯ ಸಾಲಿನ ಕುಂಡಗಳು ಒಣಗುತ್ತವೆ. ಮನೆಯಲ್ಲಿ ಈಗಾಗಲೇ ದೊಡ್ಡ ಪಂಪಿದ್ದರೆ ಹೆಚ್ಚಿನ ನೀರು ಸಂಪಿಗೇ ಮರಳುವಂತೆ ವಾಲ್ವ್ ಇರುವ ಒಂದು ಬೈಪಾಸ್ ಪೈಪು ಹಾಕಿಸಿ.

ಪೈಪಿನಲ್ಲಿ ಜಿಪುಣತನ ಬೇಡ. ಅಷ್ಟೇ ನೀರನ್ನು ಅರ್ಧ ಅಗಲದ ಪೈಪಿನಲ್ಲಿ ಹರಿಸಿದರೆ ಘರ್ಷಣೆಯ ನಷ್ಟ ಸುಮಾರು 30 ಪಟ್ಟು ಏರುತ್ತದೆ. ಪಂಪು ಸಂಪಿಗೆ ಆದಷ್ಟು ಹತ್ತಿರವಿರಲಿ. ಮೇಲಿಟ್ಟ ಪಂಪು ಆರೇಳು ಮೀಟರಿಗಿಂತ ಆಳದಿಂದ ನೀರು ಹೀರಲಾರದು.

ಕೊನೆಯದಾಗಿ, ಟೈಮರ್ ಜೊತೆ ಸಂಪಿಗೆ ಫ್ಲೋಟ್ ಸ್ವಿಚ್ ಹಾಕಿಸಲು ಮರೆಯಬೇಡಿ. ನೀರಿಲ್ಲದೆ ಓಡಿದರೆ ಪಂಪಿನ ಸೀಲ್ ಸುಟ್ಟುಹೋಗುತ್ತದೆ. ಊರಿಗೆ ಹೊರಡುವ ಒಂದು ವಾರ ಮೊದಲೇ ಎಲ್ಲವನ್ನೂ ಓಡಿಸಿ ನೋಡಿ. ಕೊನೆಯ ಕುಂಡದಲ್ಲೂ ಹನಿ ಬಿದ್ದರೆ ನಿಶ್ಚಿಂತೆಯಿಂದ ರೈಲು ಹತ್ತಬಹುದು.