ಕರಗಿದ ಉಪ್ಪನ್ನು ಮರಳಿ ಪಡೆಯುವುದು

(ಹರಿಹರ ತಾಲ್ಲೂಕಿನ ಭಾನುವಳ್ಳಿಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಗಂಗಾಮೂಲದಲ್ಲಿ ಹುಟ್ಟುವ ತುಂಗಾ ಮತ್ತು ಭದ್ರಾ ನದಿಗಳು ಕೂಡಲಿಯಲ್ಲಿ ಒಂದಾಗಿ ಹರಿಹರದತ್ತ ಸಾಗುತ್ತವೆ. ದಾರಿಯುದ್ದಕ್ಕೂ ಮಣ್ಣು, ಕಲ್ಲುಗಳ ಲವಣಗಳು ನೀರಿನಲ್ಲಿ ಕರಗುತ್ತವೆ. ಕೆಸರಾದರೆ ತಳಕ್ಕಿಳಿಯುತ್ತದೆ, ಬಟ್ಟೆಯಲ್ಲಿ ಸೋಸಿದರೆ ಉಳಿಯುತ್ತದೆ. ಕರಗಿದ ಲವಣ ಹಾಗಲ್ಲ. ತಿಳಿನೀರಿನಲ್ಲಿಯೂ ಅದು ಅಡಗಿರುತ್ತದೆ. ಭಾರತೀಯ ಮಾನಕದಂತೆ ಕುಡಿಯುವ ನೀರಿನಲ್ಲಿ ಕರಗಿದ ಘನವಸ್ತು ಲೀಟರಿಗೆ 500 ಮಿಲಿಗ್ರಾಂ ಮೀರಬಾರದು; ಬೇರೆ ಮೂಲವಿಲ್ಲದಿದ್ದಲ್ಲಿ 2000 ಮಿಲಿಗ್ರಾಂವರೆಗೆ ಸಮ್ಮತಿಯುಂಟು.

ಎಲ್ಲ ಲವಣಗಳ ಸ್ವಭಾವವೂ ಒಂದೇ ಅಲ್ಲ. 100 ಗ್ರಾಂ ನೀರಿನಲ್ಲಿ ಅಡುಗೆ ಉಪ್ಪು ತಣ್ಣಗಿರುವಾಗ ಸುಮಾರು 36 ಗ್ರಾಂ, ಕುದಿಯುವಾಗ ಸುಮಾರು 39 ಗ್ರಾಂ ಕರಗುತ್ತದೆ. ವ್ಯತ್ಯಾಸ ಅತ್ಯಲ್ಪವಾದುದರಿಂದ ತಣಿಸಿ ಫಲವಿಲ್ಲ, ನೀರನ್ನೇ ಆವಿಯಾಗಿಸಬೇಕು. ಗೋಕರ್ಣದ ಬಳಿಯ ಸಾಣಿಕಟ್ಟೆಯ ಉಪ್ಪಿನ ಆಗರಗಳಲ್ಲಿ ಬಿಸಿಲು ಮಾಡುವ ಕೆಲಸ ಇದೇ. ಸೋಡಿಯಂ ಸಲ್ಫೇಟಿನ ರೀತಿ ಬೇರೆ. 32 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 50 ಗ್ರಾಂ ಕರಗುವ ಅದು ಸೊನ್ನೆ ಡಿಗ್ರಿಯಲ್ಲಿ 5 ಗ್ರಾಂನಷ್ಟು ಮಾತ್ರ ಕರಗುತ್ತದೆ. ಗಾಢ ದ್ರಾವಣವನ್ನು ತಣಿಸಿದರೆ ಸಾಕು, ಹರಳುಗಟ್ಟುತ್ತದೆ. ಇದೇ ಗ್ಲೌಬರ್ ಲವಣ.

ಹರಿಹರದ ಎದುರು ದಡದ ಕುಮಾರಪಟ್ಟಣದಲ್ಲಿ ಮರದ ತಿರುಳಿನಿಂದ ವಿಸ್ಕೋಸ್ ನಾರನ್ನು ತಯಾರಿಸುವ ಉದ್ಯಮವಿದೆ. ಈ ವಿಧಾನದಲ್ಲಿ ಕಾಸ್ಟಿಕ್ ಸೋಡಾ ಬೆರೆತ ತಿರುಳನ್ನು ಗಂಧಕಾಮ್ಲದ ತೊಟ್ಟಿಗೆ ಎಳೆಗಳಾಗಿ ಹಾಯಿಸುತ್ತಾರೆ. ಆಮ್ಲ ಮತ್ತು ಸೋಡಾ ಕೂಡಿ ಸೋಡಿಯಂ ಸಲ್ಫೇಟ್ ಆಗುತ್ತದೆ. ತೊಟ್ಟಿಯಲ್ಲಿಯೇ ಹರಳುಗಟ್ಟಿಸಿ ತೆಗೆದರೆ ಅದು ಮಾರ್ಜಕ ಮತ್ತು ಗಾಜಿನ ತಯಾರಿಕೆಗೆ ಬೇಕಾದ ಸರಕು. ತೊಳೆನೀರಿನೊಡನೆ ನದಿಗೆ ಸೇರಿದರೆ ಅದೇ ಹೊರೆ.

ಲೀಟರಿಗೆ ಒಂದು ಗ್ರಾಂ ಲವಣವಿರುವ ನೀರನ್ನು ಊಹಿಸಬಹುದು. ಅದರಿಂದ ಒಂದು ಕಿಲೋ ಲವಣ ಪಡೆಯಲು 1000 ಲೀಟರ್ ನೀರನ್ನು ಆವಿಯಾಗಿಸಬೇಕು. ಶಾಖ ಕಿಂಚಿತ್ತೂ ನಷ್ಟವಾಗದಿದ್ದರೂ 150 ಕಿಲೋಗಿಂತ ಹೆಚ್ಚು ಒಣಸೌದೆ ಬೇಕು. ಕಾಡು ಉಳಿಸುವವರಿಗೆ ಈ ಲೆಕ್ಕದ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಳ್ಳಿಗಳ ಶುದ್ಧ ಕುಡಿಯುವ ನೀರಿನ ಘಟಕಗಳೂ ಲವಣವನ್ನು ಇಲ್ಲವಾಗಿಸುವುದಿಲ್ಲ. ಒಂದು ನಲ್ಲಿಯಲ್ಲಿ ಸಿಹಿನೀರು ಬಂದರೆ, ಇನ್ನೊಂದು ಕೊಳವೆಯಲ್ಲಿ ಮೊದಲಿಗಿಂತ ಉಪ್ಪಾದ ನೀರು ಹೊರಬೀಳುತ್ತದೆ. ಅದನ್ನು ಕೊಳವೆಬಾವಿಯ ಪಕ್ಕದಲ್ಲಿಯೇ ಇಂಗಿಸಿದರೆ ಲವಣ ಮತ್ತೆ ಅದೇ ಬಾವಿಗೆ ಮರಳೀತು.

ಆದುದರಿಂದ ಕೇಳಬೇಕಾದ ಪ್ರಶ್ನೆ ಎರಡು: ಲವಣ ಎಲ್ಲಿ ಗಾಢವಾಗಿದೆ? ಅಲ್ಲಿಯೇ ಅದನ್ನು ಹಿಡಿಯಲಾಗುತ್ತಿದೆಯೇ? ಕಾರ್ಖಾನೆಯ ಮುಂದೆಯೂ ಗ್ರಾಮಸಭೆಯಲ್ಲಿಯೂ ಇವನ್ನು ಕೇಳುವ ಹಕ್ಕು ನದಿಯ ನೀರು ಕುಡಿಯುವ ಪ್ರತಿಯೊಬ್ಬರಿಗೂ ಇದೆ.