ಸಿಡಿಲಿಗೊಂದು ಉಪಾಯ, ಕರೆಂಟಿಗೊಂದು



ಭರಣಿ, ಕೃತ್ತಿಕೆ ಮಳೆಗಳ ಕಾಲ ಬಂತೆಂದರೆ ಮಲೆನಾಡಿನ ಮನೆಗಳಲ್ಲಿ ಸಂಜೆ ಹೊತ್ತು ಒಂದು ಗಡಿಬಿಡಿ. ಮೋಡ ಕಪ್ಪಾದ ಕೂಡಲೇ ಯಾರಾದರೊಬ್ಬರು ಕೂಗುತ್ತಾರೆ: "ಪ್ಲಗ್ಗುಗಳನ್ನೆಲ್ಲ ಕಿತ್ತಿಡಿ!" ಪೇಟೆಯವರಿಗೆ ಇದು ಅತಿಯಾದ ಭಯ ಅನ್ನಿಸಬಹುದು. ನನ್ನ ಮಟ್ಟಿಗೆ, ಮನೆಯ ಕಂಪ್ಯೂಟರನ್ನು ಸಿಡಿಲಿನಿಂದ ಉಳಿಸಲು ಇದಕ್ಕಿಂತ ಒಳ್ಳೆಯ ಉಪಾಯ ಇನ್ನೂ ಅಂಗಡಿಗೆ ಬಂದಿಲ್ಲ.

ಒಂದು ಸಾಮಾನ್ಯ ಸಿಡಿಲಿನಲ್ಲಿ ಸುಮಾರು 30,000 ಆಂಪಿಯರ್ ವಿದ್ಯುತ್ ಹರಿಯುತ್ತದೆ. ನಮ್ಮ ಗೋಡೆಯ ಸಾಕೆಟ್ ತಾಳುವುದು 6, ಹೆಚ್ಚೆಂದರೆ 16 ಆಂಪಿಯರ್. ಸಿಡಿಲು ಮನೆಯ ಮೇಲೇ ಬೀಳಬೇಕೆಂದೂ ಇಲ್ಲ. ಆಚೆ ತೋಟದ ತೆಂಗಿನಮರಕ್ಕೆ ಬಡಿದರೂ ಸಾಕು, ಹತ್ತಿರ ಹಾದುಹೋದ ತಂತಿಯಲ್ಲಿ ಕಣ್ಣು ಮಿಟುಕಿಸುವುದರೊಳಗೆ ಸಾವಿರಾರು ವೋಲ್ಟ್ ಹುಟ್ಟಿಕೊಳ್ಳುತ್ತದೆ. ಅದು ತಂತಿ ಹಿಡಿದುಕೊಂಡೇ ಒಳಗೆ ಬರುತ್ತದೆ.

"ಸ್ವಿಚ್ ಆಫ್ ಮಾಡಿದ್ದೆನಲ್ಲ, ಆದರೂ ಸುಟ್ಟುಹೋಯಿತು" ಎನ್ನುವವರಿದ್ದಾರೆ. ಸ್ವಿಚ್ಚಿನೊಳಗೆ ಎರಡು ತಗಡುಗಳ ನಡುವಿನ ಅಂತರ ಕೆಲವೇ ಮಿಲಿಮೀಟರ್. ಒಂದು ಸೆಂಟಿಮೀಟರ್ ಗಾಳಿಯನ್ನು ಸೀಳಲು ಸುಮಾರು 30,000 ವೋಲ್ಟ್ ಬೇಕು ಎಂಬುದು ಲೆಕ್ಕ. ಮೋಡದಿಂದ ನೆಲದವರೆಗೆ ಹಾರಿ ಬಂದದ್ದಕ್ಕೆ ಈ ಅಂತರ ಯಾವ ಲೆಕ್ಕ? ಅಲ್ಲದೆ ನಮ್ಮ ಸಾಮಾನ್ಯ ಸ್ವಿಚ್ಚು ಫೇಸ್ ತಂತಿಯನ್ನು ಮಾತ್ರ ಕಡಿಯುತ್ತದೆ. ನ್ಯೂಟ್ರಲ್ ಹಾಗೂ ಅರ್ಥ್ ಕಂಪ್ಯೂಟರಿಗೆ ಅಂಟಿಕೊಂಡೇ ಇರುತ್ತವೆ. ಆದ್ದರಿಂದ ಪ್ಲಗ್ಗನ್ನೇ ಎಳೆದಿಡಬೇಕು. ಅದರ ಜೊತೆಗೆ ಮೋಡೆಮ್ಮಿನಿಂದ ಕಂಪ್ಯೂಟರಿಗೆ ಬರುವ ನೆಟ್‌ವರ್ಕ್ ತಂತಿಯನ್ನೂ ಬಿಡಿಸಬೇಕು. ಹೆಚ್ಚಿನವರು ಮರೆಯುವುದು ಇದನ್ನೇ. ಈಗ ಹಳ್ಳಿಗಳಿಗೂ ಫೈಬರ್ ಬಂದಿದೆ, ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯುವುದಿಲ್ಲ, ನಿಜ. ಆದರೆ ಅದರ ತುದಿಯ ಪೆಟ್ಟಿಗೆಗೂ ಕರೆಂಟ್ ಬೇಕಲ್ಲ! ಅಡಾಪ್ಟರಿನ ದಾರಿ ತೆರೆದೇ ಇರುತ್ತದೆ.

ಸ್ಪೈಕ್ ಗಾರ್ಡ್ ಹಾಕಿದ್ದೇವೆ ಎನ್ನುತ್ತೀರಾ? ಒಳ್ಳೆಯದು. ಅದರೊಳಗೆ ಸತುವಿನ ಆಕ್ಸೈಡಿನ ಪುಟ್ಟ ಬಿಲ್ಲೆ ಇರುತ್ತದೆ. ವೋಲ್ಟೇಜ್ ಮಿತಿ ಮೀರಿದಾಗ ಆ ಬಿಲ್ಲೆ ಹೆಚ್ಚುವರಿ ವಿದ್ಯುತ್ತನ್ನು ಪಕ್ಕಕ್ಕೆ ತಿರುಗಿಸುತ್ತದೆ. ಸಣ್ಣಪುಟ್ಟ ಏಟುಗಳಿಗೆ ಇದು ಸಾಕು. ಆದರೆ ಪ್ರತಿ ಏಟಿಗೂ ಬಿಲ್ಲೆ ಸವೆಯುತ್ತದೆ. ಅರ್ಥಿಂಗ್ ಸರಿ ಇಲ್ಲದ ಮನೆಯಲ್ಲಿ ಅದು ಅರ್ಧ ಕೆಲಸವನ್ನೂ ಮಾಡಲಾರದು. ಅಗ್ಗಕ್ಕೆ ಸಿಗುವ ಎಷ್ಟೋ ಪಟ್ಟಿಗಳಲ್ಲಿ ಈ ಬಿಲ್ಲೆಯೇ ಇರುವುದಿಲ್ಲ, ಅವು ಬರೀ ಎಕ್ಸ್‌ಟೆನ್ಷನ್ ಬೋರ್ಡುಗಳು.

ಇನ್ನು ಕರೆಂಟ್ ಹೋಗುವ ವಿಷಯ. ಇದು ಬೇರೆಯದೇ ತೊಂದರೆ. ಕರೆಂಟ್ ಹೋದಾಗ ಯಂತ್ರಕ್ಕಿಂತ ಹೆಚ್ಚು ಪೆಟ್ಟು ಬೀಳುವುದು ಬರೆಯುತ್ತಿದ್ದ ಕಡತಕ್ಕೆ. ಯಂತ್ರಕ್ಕೆ ಅಪಾಯ ಇರುವುದು ಕರೆಂಟ್ ಮರಳಿ ಬರುವಾಗ. ಇಡೀ ಊರಿನ ಫ್ರಿಜ್ಜು, ಪಂಪುಗಳು ಒಟ್ಟಿಗೆ ಎದ್ದಾಗ ವೋಲ್ಟೇಜ್ ಕುಣಿಯುತ್ತದೆ. ಅದಕ್ಕಿಂತ ಕೆಟ್ಟದ್ದು, ಗಾಳಿಗೆ ಕೊಂಬೆ ಬಿದ್ದು ಲೈನಿನ ನ್ಯೂಟ್ರಲ್ ತುಂಡಾಗುವುದು. ಆಗ 230 ವೋಲ್ಟ್ ಬರಬೇಕಾದ ಕಡೆ 400ರ ಹತ್ತಿರ ಬರಬಹುದು. ಬಲ್ಬುಗಳು ಎಂದಿಗಿಂತ ಪ್ರಖರವಾಗಿ ಉರಿದರೆ ಓಡಿಹೋಗಿ ಮೈನ್ ಸ್ವಿಚ್ ಇಳಿಸಿ. ಕರೆಂಟ್ ಹೋದ ತಕ್ಷಣ ಕಂಪ್ಯೂಟರಿನ ಪ್ಲಗ್ ತೆಗೆದಿಟ್ಟು, ಬಂದ ಮೇಲೆ ಐದು ನಿಮಿಷ ಬಿಟ್ಟು ಹಾಕುವುದು ಒಳ್ಳೆಯ ಅಭ್ಯಾಸ.

ಇಲ್ಲಿ ಉಪಯೋಗಕ್ಕೆ ಬರುವುದು ಯುಪಿಎಸ್. ಮನೆಗಳಲ್ಲಿರುವ 600 ವಿಎ ಪೆಟ್ಟಿಗೆ ಒಂದು ಡೆಸ್ಕ್‌ಟಾಪನ್ನು ಹತ್ತು ಹದಿನೈದು ನಿಮಿಷ ನಡೆಸೀತು. ಕೆಲಸ ಉಳಿಸಿ, ಕಂಪ್ಯೂಟರನ್ನು ಕ್ರಮವಾಗಿ ಮುಚ್ಚಲಿಕ್ಕೆ ಅಷ್ಟು ಸಾಕು. ಅದರಲ್ಲಿ ಸಿನಿಮಾ ನೋಡಲು ಕೂರಬೇಡಿ. ಲೇಸರ್ ಪ್ರಿಂಟರನ್ನು ಅದಕ್ಕೆ ಹಾಕಲೇಬೇಡಿ. ಒಳಗಿನ ಬ್ಯಾಟರಿ ಎರಡು ಮೂರು ವರ್ಷಕ್ಕೆ ಸೊರಗುತ್ತದೆ. ಮನೆಯ ಇನ್ವರ್ಟರಿಗೇ ಕಂಪ್ಯೂಟರ್ ಜೋಡಿಸಿದ್ದರೆ ಅದು ಯುಪಿಎಸ್ ಮೋಡಿನಲ್ಲಿದೆಯೇ ನೋಡಿಕೊಳ್ಳಿ, ಇಲ್ಲದಿದ್ದರೆ ಬದಲಾಗುವ ಆ ಚಿಟಿಕೆಯಲ್ಲೇ ಕಂಪ್ಯೂಟರ್ ಆರಿಹೋಗುತ್ತದೆ. ಆದರೆ ಯುಪಿಎಸ್ ಇದೆಯೆಂದು ಸಿಡಿಲಿಗೆ ಎದೆಯೊಡ್ಡಬೇಡಿ. ಸಿಡಿಲಿಗೆ ಕಂಪ್ಯೂಟರಿಗಿಂತ ಮೊದಲು ಸಿಗುವುದು ಆ ಯುಪಿಎಸ್ಸೇ.

ಲ್ಯಾಪ್‌ಟಾಪ್ ಇದ್ದವರಿಗೆ ಈ ತಾಪತ್ರಯ ಕಡಿಮೆ. ಚಾರ್ಜರ್ ಕಿತ್ತಿಟ್ಟು ಬ್ಯಾಟರಿಯಲ್ಲಿ ಕೆಲಸ ಮುಂದುವರಿಸಬಹುದು. ಯಾವ ಕಂಪ್ಯೂಟರೇ ಆಗಲಿ, ಫೋಟೋ, ದಾಖಲೆಗಳ ಇನ್ನೊಂದು ಪ್ರತಿ ಬೇರೆ ಹಾರ್ಡ್ ಡಿಸ್ಕಿನಲ್ಲಿರಲಿ. ಆ ಡಿಸ್ಕ್ ಕಂಪ್ಯೂಟರಿಗೆ ಸಿಕ್ಕಿಸಿಕೊಂಡೇ ಇದ್ದರೆ ಎರಡೂ ಒಟ್ಟಿಗೇ ಸುಡುತ್ತವೆ, ಬೀರುವಿನಲ್ಲಿಡಿ.

ಪ್ಲಗ್ ಕೀಳುವುದಕ್ಕೂ ಒಂದು ಹೊತ್ತಿದೆ. ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಸೆಕೆಂಡು ಎಣಿಸಿ, ಮೂರರಿಂದ ಭಾಗಿಸಿದರೆ ಸಿಡಿಲು ಎಷ್ಟು ಕಿಲೋಮೀಟರ್ ದೂರ ಎಂದು ತಿಳಿಯುತ್ತದೆ. 30 ಸೆಕೆಂಡಿಗಿಂತ ಕಡಿಮೆಯಾಯಿತೆಂದರೆ ಸಿಡಿಲು ಹತ್ತು ಕಿಲೋಮೀಟರಿನೊಳಗೇ ಇದೆ. ಆಗ ತಂತಿಗಳ ತಂಟೆಗೆ ಹೋಗಬೇಡಿ, ಕಂಪ್ಯೂಟರ್ ಏನಾದರಾಗಲಿ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಕಳೆದ ಮೇಲಷ್ಟೇ ಪ್ಲಗ್ ಮುಟ್ಟಿ. ಮಳೆಗಾಲಕ್ಕೆ ಮುಂಚೆ ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆಸಿ, ಮನೆಯ ಅರ್ಥಿಂಗ್ ಅಳೆಸಿಬಿಡಿ.